ಪಿತ್ತಕೋಶ ತೆಗೆಸಿದ ಮೇಲೂ ಹೊಟ್ಟೆನೋವು ಬಿಡದಿದ್ದರೆ

"ಕಲ್ಲು ತೆಗೆಸಿ ಆಯ್ತಲ್ಲ, ಇನ್ನೆಂಥಾ ನೋವು?"

ಆಪರೇಷನ್ ಆಗಿ ಐದು ತಿಂಗಳಾಗಿತ್ತು. ಹನುಮಂತನಗರದ ನಮ್ಮ ಮನೆಯ ಅಡುಗೆಮನೆಯಲ್ಲಿ ಹೊಟ್ಟೆಗೆ ಬಿಸಿನೀರಿನ ಚೀಲ ಒತ್ತಿಕೊಂಡು ನಿಂತಿದ್ದಾಗ ನಮ್ಮತ್ತೆ ಕೇಳಿದ ಮಾತು ಇದು. ಕುಹಕಕ್ಕೆ ಕೇಳಿದ್ದಲ್ಲ, ನನಗೂ ಅದೇ ಪ್ರಶ್ನೆ ಇತ್ತು. ಆಫೀಸಿನವರು, ಪಕ್ಕದ ಮನೆಯವರು, ಮೆಡಿಕಲ್ ಶಾಪಿನ ಹುಡುಗ, ಕೊನೆಗೆ ಫಾಲೋ-ಅಪ್‌ಗೆ ಸಿಕ್ಕ ಕಿರಿಯ ಡಾಕ್ಟರು ಕೂಡ ಅದನ್ನೇ ಬೇರೆ ಬೇರೆ ದನಿಯಲ್ಲಿ ಕೇಳಿದರು. ಸ್ಕ್ಯಾನ್ ನಾರ್ಮಲ್ ಇದೆ, ಗಾಯ ಒಣಗಿದೆ, ಪ್ಯಾಂಟೊಪ್ರಜೋಲ್ ಬರೆದಿದ್ದೀನಿ, ಎಣ್ಣೆ ಕಡಿಮೆ ಮಾಡಿ. ನಾಲ್ಕು ನಿಮಿಷ, ಮುಂದಿನ ಪೇಷೆಂಟ್.

ಪಿತ್ತಕೋಶ ತೆಗೆಸಿಕೊಂಡವರಲ್ಲಿ ಬಹುಪಾಲು ಜನ ಆರಾಮಾಗಿಯೇ ಇರುತ್ತಾರೆ. ನೂರಕ್ಕೆ 10ರಿಂದ 15 ಮಂದಿಗೆ ಮಾತ್ರ ಹೊಟ್ಟೆಯ ತಕರಾರು ಉಳಿಯುತ್ತದೆ ಅಥವಾ ಹೊಸದಾಗಿ ಹುಟ್ಟುತ್ತದೆ ಅನ್ನುವುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಇದಕ್ಕೆ ಪೋಸ್ಟ್-ಕೋಲಿಸಿಸ್ಟೆಕ್ಟಮಿ ಸಿಂಡ್ರೋಮ್ ಎಂಬ ಉದ್ದನೆಯ ಹೆಸರಿದೆ. ಫೈಲಿನಲ್ಲಿ ಆ ಹೆಸರು ಬಿದ್ದ ಕೂಡಲೇ ಕಾಯಿಲೆ ಏನೆಂದು ಗೊತ್ತಾಯಿತು ಅಂದುಕೊಳ್ಳಬೇಡಿ. 'ಪಿತ್ತಕೋಶ ತೆಗೆಸಿದ ಮೇಲಿನ ತೊಂದರೆ' ಎಂದಷ್ಟೇ ಅದರ ಅರ್ಥ, 'ಮಳೆ ಬಂದ ಮೇಲಿನ ಟ್ರಾಫಿಕ್' ಎಂದ ಹಾಗೆ. ಎಲ್ಲಿ ಮರ ಬಿದ್ದಿದೆ, ಯಾವ ಅಂಡರ್‌ಪಾಸ್ ತುಂಬಿದೆ ಅಂತ ಅದರಿಂದ ತಿಳಿಯುವುದಿಲ್ಲ. ಆ ಒಂದು ಹೆಸರಿನ ಕೆಳಗೆ ಆರೇಳು ಬಗೆಯ ನೋವುಗಳಿವೆ, ಒಂದಕ್ಕೆ ಹಿಡಿಯುವ ಔಷಧಿ ಇನ್ನೊಂದಕ್ಕೆ ಹಿಡಿಯುವುದಿಲ್ಲ. ನನಗೆ ಎರಡು ನೋವು ಒಟ್ಟಿಗೇ ಇದ್ದವು. ಅವು ಎರಡು ಎಂದು ತಿಳಿಯುವುದಕ್ಕೇ ಒಂದೂವರೆ ವರ್ಷ ಹಿಡಿಯಿತು. ನಾನು ಡಾಕ್ಟರಲ್ಲ, ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಈ ಒಂದೂವರೆ ವರ್ಷ ನಿಮಗೆ ಒಂದೂವರೆ ತಿಂಗಳಿಗೆ ಇಳಿಯಲಿ ಅಂತ ಬರೆಯುತ್ತಿದ್ದೇನೆ.

ಇದನ್ನು ಓದುತ್ತಾ ಕೂರಬಾರದ ಸಂದರ್ಭಗಳು

ನೋವಿನ ಜೊತೆ ಚಳಿಜ್ವರ ಬಂದರೆ, ಕಣ್ಣು ಹಳದಿಯಾದರೆ, ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿ ಮಲ ಜೇಡಿಮಣ್ಣಿನ ಹಾಗೆ ಬಿಳಿಚಿಕೊಂಡರೆ ಅವತ್ತೇ ಆಸ್ಪತ್ರೆಗೆ ಹೋಗಿ. ಪಿತ್ತನಾಳ ಕಟ್ಟಿಕೊಂಡು ಸೋಂಕಾಗಿರಬಹುದು, ಅದು ಗಂಟೆಗಳ ಲೆಕ್ಕದಲ್ಲಿ ಕೆಡುತ್ತದೆ. ಮೇಲ್ಹೊಟ್ಟೆಯ ನೋವು ಬೆನ್ನಿಗೆ ತೂರಿಕೊಂಡು ವಾಂತಿ ನಿಲ್ಲದಿದ್ದರೆ ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ಉರಿಯೂತ ಇರಬಹುದು, ಅದಕ್ಕೂ ಇದೇ ಮಾತು. ಮಲ ಟಾರಿನಂತೆ ಕಪ್ಪಾದರೆ, ರಕ್ತ ಕಂಡರೆ, ತೂಕ ತಾನಾಗಿಯೇ ಇಳಿಯುತ್ತಿದ್ದರೆ ಕಾಯಬೇಡಿ. ಆಪರೇಷನ್ ಆದ ಮೊದಲ ಒಂದೆರಡು ವಾರದಲ್ಲಿ ಹೊಟ್ಟೆ ಉಬ್ಬಿ ನೋವು ದಿನದಿಂದ ದಿನಕ್ಕೆ ಏರುತ್ತಿದ್ದರೆ ಪಿತ್ತರಸ ಸೋರುತ್ತಿರಬಹುದು, ಆಪರೇಷನ್ ಮಾಡಿದವರಿಗೆ ತಕ್ಷಣ ಹೇಳಬೇಕು.

ಇನ್ನೊಂದು ಮಾತು. ನಮ್ಮ ಊರಿನಲ್ಲಿ ಎದೆಯಿಂದ ಹೊಕ್ಕುಳವರೆಗಿನ ಯಾವ ಸಂಕಟಕ್ಕೂ 'ಗ್ಯಾಸ್ಟ್ರಿಕ್' ಎಂಬ ಒಂದೇ ಹೆಸರು. ಮೆಟ್ಟಿಲು ಹತ್ತುವಾಗ ಬಂದು ಕೂತರೆ ಹೋಗುವ 'ಗ್ಯಾಸ್ಟ್ರಿಕ್', ಬೆವರು ಕಿತ್ತುಕೊಂಡು ಬರುವ 'ಗ್ಯಾಸ್ಟ್ರಿಕ್' ಹೃದಯದ್ದಾಗಿರಬಹುದು. ಶುಂಠಿ ಸೋಡಾ ಕುಡಿದು ಕಾಯುವ ಹೊತ್ತು ಅದಲ್ಲ. ಹತ್ತಿರದ ಯಾವುದೇ ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಿ, ಗಾಡಿ ಸಿಗದಿದ್ದರೆ 108ಕ್ಕೆ ಫೋನ್ ಮಾಡಿ.

ಒಳಗೆ ಬದಲಾಗಿರುವುದೇನು

ಬೆಂಗಳೂರಿನವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಪಿತ್ತಕೋಶ ಅಂದರೆ ಸಂಪ್. ಲಿವರ್ ದಿನಕ್ಕೆ ಸುಮಾರು ಅರ್ಧದಿಂದ ಒಂದು ಲೀಟರ್ ಪಿತ್ತರಸ ತಯಾರಿಸುತ್ತದೆ. ಸಂಪಿನಲ್ಲಿ ಹಿಡಿಯುವುದು 30ರಿಂದ 50 ಮಿಲಿ ಮಾತ್ರ, ಆದರೆ ಅದು ನೀರನ್ನು ಹೀರಿ ರಸವನ್ನು ಗಟ್ಟಿ ಮಾಡಿ ಇಟ್ಟುಕೊಳ್ಳುತ್ತದೆ. ಎಣ್ಣೆ ತುಪ್ಪದ ಊಟ ಕರುಳಿಗೆ ಇಳಿದಾಗ ಒಂದು ಹಾರ್ಮೋನ್ ಸುದ್ದಿ ಮುಟ್ಟಿಸುತ್ತದೆ, ಸಂಪ್ ಹಿಂಡಿಕೊಂಡು ರಸವನ್ನು ಒಮ್ಮೆಗೇ ಸುರಿಯುತ್ತದೆ. ಈಗ ಸಂಪಿಲ್ಲ. ಲಿವರ್ ಮಾಡುವ ಕೆಲಸ ಮಾಡುತ್ತಲೇ ಇದೆ, ಆದರೆ ನೀರು ಪೈಪಿನಿಂದ ನೇರವಾಗಿ, ಹಗಲು ರಾತ್ರಿ, ತೆಳ್ಳಗೆ ಹರಿಯುತ್ತಿದೆ. ಆ ಪೈಪೇ ಪಿತ್ತನಾಳ. ಅದರ ತುದಿಯಲ್ಲಿ ಒಂದು ವಾಲ್ವ್ ಇದೆ, ಅದಕ್ಕೆ ಒಡ್ಡಿ ಸ್ಫಿಂಕ್ಟರ್ ಅನ್ನುತ್ತಾರೆ. ಮೊದಲು ಒತ್ತಡ ಹೆಚ್ಚಾದರೆ ಸಂಪಿಗೆ ಹೋಗುತ್ತಿದ್ದ ರಸಕ್ಕೆ ಈಗ ಆ ಆಸರೆಯೂ ಇಲ್ಲ.

ಬರ್ಲಿನ್‌ನಲ್ಲಿ 1882ರಲ್ಲಿ ಮೊದಲ ಬಾರಿಗೆ ಪಿತ್ತಕೋಶ ತೆಗೆದಂದಿನಿಂದ ಜನ ಅದಿಲ್ಲದೆ ಬದುಕುತ್ತಿದ್ದಾರೆ. ಅದಿಲ್ಲದೆ ಬದುಕಬಹುದೇ ಎಂಬ ಭಯ ಬೇಡ. ಪ್ರಶ್ನೆ ಇರುವುದು ಹೊಸ ಪ್ಲಂಬಿಂಗಿಗೆ ನಿಮ್ಮ ಕರುಳು ಹೊಂದಿಕೊಂಡಿದೆಯೇ ಎಂಬುದರಲ್ಲಿ. ಅಥವಾ ನೋವಿಗೂ ಪ್ಲಂಬಿಂಗಿಗೂ ಸಂಬಂಧವೇ ಇಲ್ಲದಿರಬಹುದು. ಇದು ನಾವು ಅಂದುಕೊಂಡಿದ್ದಕ್ಕಿಂತ ಹೆಚ್ಚು ಸಲ ನಿಜ. ಸ್ಕ್ಯಾನಿನಲ್ಲಿ ಕಲ್ಲು ಕಂಡಿತು, ಹೊಟ್ಟೆ ಉಬ್ಬರವೂ ಇತ್ತು, ಎರಡನ್ನೂ ಗಂಟು ಹಾಕಿ ಆಪರೇಷನ್ ಆಯಿತು. ಉಬ್ಬರಕ್ಕೆ ಕಾರಣ ಕಲ್ಲಾಗಿರದಿದ್ದರೆ ಕಲ್ಲು ಹೋದರೂ ಉಬ್ಬರ ಉಳಿಯುತ್ತದೆ.

ಮೊದಲ ಹೆಜ್ಜೆ: ಎರಡು ವಾರದ ಲೆಕ್ಕ

ನಾನು ಬಳಸಿದ್ದು ಮನೆಯ ಹಾಲಿನ ಲೆಕ್ಕದ ಪುಸ್ತಕ. ಅದರಲ್ಲಿ ಆಗಲೇ ಗೆರೆ ಹೊಡೆದಿರುತ್ತದೆ, ದಿನಾ ಅಡುಗೆಮನೆಯಲ್ಲಿ ಕಣ್ಣಿಗೆ ಬೀಳುತ್ತದೆ. ಮೊಬೈಲ್ ಆ್ಯಪ್ ಇಳಿಸಿಕೊಂಡು ಮೂರೇ ದಿನಕ್ಕೆ ಮರೆತಿದ್ದೆ.

ಹದಿನಾಲ್ಕು ದಿನ ಬರೆಯಿರಿ. ಎಷ್ಟು ಹೊತ್ತಿಗೆ ಏನು ತಿಂದಿರಿ, ಅದರಲ್ಲಿ ಎಣ್ಣೆ ಎಷ್ಟು ಎಂಬ ಅಂದಾಜು, ನೋವು ಎಷ್ಟು ಹೊತ್ತಿಗೆ ಶುರುವಾಗಿ ಎಷ್ಟು ಹೊತ್ತಿಗೆ ಮುಗಿಯಿತು, ಎಲ್ಲಿ. 'ಎಲ್ಲಿ' ಎಂಬುದಕ್ಕೆ ಒಂದು ನಿಯಮ ಇಟ್ಟುಕೊಳ್ಳಿ: ಒಂದು ಬೆರಳಿನಿಂದ ತೋರಿಸಬಹುದೋ, ಅಂಗೈ ಇಟ್ಟು ತೋರಿಸಬೇಕೋ. ಈ ಒಂದು ವಿವರ ನನ್ನ ಕೇಸಿನಲ್ಲಿ ಬೀಗ ತೆಗೆಯಿತು. ಆಮೇಲೆ, ಏನು ಮಾಡಿದರೆ ಕಡಿಮೆಯಾಗುತ್ತದೆ: ಮಲವಿಸರ್ಜನೆ ಆದ ಮೇಲೋ, ಆ್ಯಂಟಾಸಿಡ್ ಕುಡಿದ ಮೇಲೋ, ಮಗ್ಗಲು ಬದಲಿಸಿದ ಮೇಲೋ, ಏನು ಮಾಡಿದರೂ ಇಲ್ಲವೋ. ದಿನಕ್ಕೆ ಎಷ್ಟು ಸಲ ಬಾತ್‌ರೂಮಿಗೆ ಹೋದಿರಿ, ರಾತ್ರಿ ನಿದ್ದೆಯಿಂದ ಎಬ್ಬಿಸಿತೇ ಎಂಬುದನ್ನೂ ಬರೆಯಿರಿ. ನಾಚಿಕೆ ಪಟ್ಟರೆ ಕೆಲಸ ಕೆಡುತ್ತದೆ.

ಈ ಎರಡು ವಾರ ಆಹಾರ ಬದಲಿಸಬೇಡಿ. ಎಲ್ಲರೂ ಮಾಡುವ ತಪ್ಪೇ ಇದು. ಪುಸ್ತಕ ಕೈಗೆ ತೆಗೆದುಕೊಂಡ ದಿನವೇ ಗಂಜಿಗೆ ಇಳಿದುಬಿಟ್ಟರೆ ಸಿಗುವುದು ಗಂಜಿಯ ಲೆಕ್ಕ.

ಎರಡನೆಯ ಹೆಜ್ಜೆ: ಯಾವ ನೋವು?

ಎರಡು ವಾರ ಆದ ಮೇಲೆ ಪುಸ್ತಕವನ್ನು ಒಮ್ಮೆಗೇ ಓದಿ. ಸಾಮಾನ್ಯವಾಗಿ ಈ ಕೆಳಗಿನವುಗಳಲ್ಲಿ ಒಂದರ ಚಹರೆ ಕಾಣುತ್ತದೆ. ಹೆಸರು ಇಡುವುದು ಡಾಕ್ಟರ ಕೆಲಸ. ಅವರ ಎದುರು ಕೂತಾಗ 'ಹೊಟ್ಟೆನೋವು' ಎಂಬ ಒಂದು ಪದದ ಬದಲು ಒಂದು ಪೂರ್ತಿ ವಾಕ್ಯ ನಿಮ್ಮ ಬಾಯಲ್ಲಿರಬೇಕು, ಅಷ್ಟೆ.

ತಿಂದ ಕೂಡಲೇ ಓಡುವುದು. ಬೆಳಗಿನ ತಿಂಡಿ ಮುಗಿಸಿ ಕೈ ತೊಳೆಯುವಷ್ಟರಲ್ಲಿ ಹೊಟ್ಟೆ ಹಿಂಡಿ, ನೀರು ನೀರಾಗಿ, ಹಳದಿ-ಹಸಿರು ಬಣ್ಣದಲ್ಲಿ, ಉರಿಯುತ್ತಾ ಹೋಗುವುದು. ಪಿತ್ತರಸದಲ್ಲಿರುವ ಪಿತ್ತಲವಣದಲ್ಲಿ ನೂರಕ್ಕೆ ಸುಮಾರು 95 ಭಾಗವನ್ನು ಸಣ್ಣಕರುಳಿನ ಕೊನೆಯ ತುಂಡು ವಾಪಸ್ ಹೀರಿಕೊಂಡು ಲಿವರಿಗೆ ಕಳಿಸುತ್ತದೆ. ಸಂಪಿಲ್ಲದೆ ರಸ ಸದಾ ಹರಿಯುವಾಗ ಅದರ ಕೈ ಮೀರಿ ಒಂದಷ್ಟು ದೊಡ್ಡಕರುಳಿಗೆ ಜಾರುತ್ತದೆ. ದೊಡ್ಡಕರುಳಿಗೆ ಪಿತ್ತಲವಣ ಅಂದರೆ ಭೇದಿ ಔಷಧಿಯೇ ಸರಿ: ನೀರು ಬಿಡುತ್ತದೆ, ಹಿಂಡುತ್ತದೆ. ಇದು ನನ್ನ ಮೊದಲನೆಯ ನೋವು. ಮಗಳನ್ನು ಸ್ಕೂಲಿಗೆ ಬಿಟ್ಟು ಒಂದು ದರ್ಶಿನಿಯಲ್ಲಿ ನಿಂತು ಖಾಲಿದೋಸೆ ತಿಂದಿದ್ದೆ. ಅರ್ಧ ತಟ್ಟೆ ಹಾಗೇ ಬಿಟ್ಟು, ಪಕ್ಕದ ಬಟ್ಟೆ ಅಂಗಡಿಯಲ್ಲಿ ಪರಿಚಯವೇ ಇಲ್ಲದ ಹುಡುಗಿಯ ಕೈ ಹಿಡಿದು "ಬಾತ್‌ರೂಮ್ ಎಲ್ಲಿದೆ ಕಣಮ್ಮ" ಎಂದು ಕೇಳಿದ ದಿನ ಆ ನೋವಿಗೆ ನನ್ನಲ್ಲಿ ಹೆಸರಿರಲಿಲ್ಲ. ಇದು ತುಂಬಾ ಸಾಮಾನ್ಯ, ಔಷಧಿಗೂ ಚೆನ್ನಾಗಿ ಬಗ್ಗುತ್ತದೆ. ಆದರೂ ವರ್ಷಗಟ್ಟಲೆ 'ಐಬಿಎಸ್' (ಕರುಳು ಸುಲಭವಾಗಿ ಕೆರಳುವ ತೊಂದರೆ) ಅಥವಾ 'ಟೆನ್ಷನ್' ಎಂಬ ಚೀಟಿ ಹೊತ್ತು ಓಡಾಡುವವರಿದ್ದಾರೆ ಎಂಬುದು ನನಗೆ ಸಿಟ್ಟು ಬರಿಸುವ ಸಂಗತಿ.

ಹಳೆಯ ನೋವೇ ಮರಳಿ ಬಂದದ್ದು. ಆಪರೇಷನ್‌ಗೆ ಮೊದಲು ಬರುತ್ತಿದ್ದ ಹಾಗೆಯೇ, ಮೇಲ್ಹೊಟ್ಟೆ ಅಥವಾ ಬಲಪಕ್ಕೆಯ ಕೆಳಗೆ ಏರಿ ಏರಿ ಒಂದು ಮಟ್ಟದಲ್ಲಿ ನಿಂತು, ಅರ್ಧ ಗಂಟೆಗೂ ಹೆಚ್ಚು ಬಿಡದೆ, ಮಗ್ಗಲಾದರೂ ಆ್ಯಂಟಾಸಿಡ್ ಕುಡಿದರೂ ಕದಲದ ನೋವು. ಮಧ್ಯೆ ವಾರಗಟ್ಟಲೆ ಏನೂ ಇಲ್ಲ. ಇದು ನಾಳದ ನೋವಿನ ಚಹರೆ. ನಾಳದಲ್ಲಿ ಉಳಿದುಹೋದ ಕಲ್ಲು, ಹೊಸದಾಗಿ ಹುಟ್ಟಿದ ಕಲ್ಲು, ನಾಳ ಕಿರಿದಾಗಿರುವುದು, ಇಲ್ಲವೇ ತುದಿಯ ವಾಲ್ವ್ ಸರಿಯಾಗಿ ಸಡಿಲವಾಗದಿರುವುದು ಕಾರಣವಾಗಬಹುದು. ಕಲ್ಲು ತಿಂಗಳುಗಳ ಮೇಲೂ ವರ್ಷಗಳ ಮೇಲೂ ತೊಂದರೆ ಕೊಡಬಲ್ಲದು. ಪಿತ್ತಕೋಶ ತೀರಾ ಊದಿ ಅಂಟಿಕೊಂಡಿದ್ದರೆ ಸರ್ಜನ್ ಸುರಕ್ಷತೆಗಾಗಿ ಅದರ ಒಂದು ಚೂರನ್ನು ಒಳಗೇ ಬಿಟ್ಟಿರುವುದೂ ಉಂಟು. ಅದು ತಪ್ಪಲ್ಲ, ಎಷ್ಟೋ ಸಲ ಅದೇ ಜಾಣತನ. ಆದರೆ ಆ ಚೂರಿನಲ್ಲಿ ಮತ್ತೆ ಕಲ್ಲು ಕೂರಬಹುದು, ಹಾಗಾಗಿ ನಿಮಗೆ ಗೊತ್ತಿರಬೇಕು.

ಬೆರಳ ತುದಿಯ ನೋವು. ನನ್ನ ಎರಡನೆಯದು. ದುರ್ಬೀನಿನ ಆಪರೇಷನ್‌ಗೆ ಸಾಮಾನ್ಯವಾಗಿ ನಾಲ್ಕು ತೂತು: ಹೊಕ್ಕುಳ ಹತ್ತಿರ ಒಂದು, ಎದೆಗೂಡಿನ ಕೆಳಗೆ ಒಂದು, ಬಲಪಕ್ಕೆಯಲ್ಲಿ ಎರಡು. ನನ್ನ ನೋವು ಸದಾ ಎದೆಗೂಡಿನ ಕೆಳಗಿನ ಗಾಯದ ಪಕ್ಕ, ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ. ಊಟಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ಬಗ್ಗಿ ಬಕೆಟ್ ಎತ್ತಿದರೆ, ಆಟೋ ಹಂಪ್ ಹಾರಿದರೆ ಚುಚ್ಚುತ್ತಿತ್ತು. ಎರಡು ಎಂಡೋಸ್ಕೋಪಿ ಆಗಿದ್ದವು. ಮೂರನೆಯ ಡಾಕ್ಟರು, ವಯಸ್ಸಾದವರು, ಪುಸ್ತಕ ಓದಿ "ಮಲಗಮ್ಮ" ಅಂದರು. ನೋವಿನ ಜಾಗಕ್ಕೆ ಬೆರಳಿಟ್ಟು ಒತ್ತಿ, "ಕೈ ಊರದೆ ತಲೆ, ಭುಜ ಎತ್ತು" ಅಂದರು. ಎತ್ತಿದೆ. ಪ್ರಾಣ ಹೋದಂತಾಯಿತು. "ಒಳಗಿನದ್ದಾಗಿದ್ದರೆ ಹೊಟ್ಟೆಯ ಸ್ನಾಯು ಬಿಗಿದಾಗ ನೋವು ಕಡಿಮೆ ಆಗಬೇಕಿತ್ತು. ಜಾಸ್ತಿಯಾಯಿತಲ್ಲ, ಇದು ಗೋಡೆಯ ನೋವು," ಅಂದರು. 1926ರಲ್ಲಿ ಕಾರ್ನೆಟ್ ಎಂಬ ಸರ್ಜನ್ ವಿವರಿಸಿದ ಪರೀಕ್ಷೆ ಇದು. ಮಿಷನ್ ಬೇಡ, ಖರ್ಚಿಲ್ಲ, ಒಂದು ನಿಮಿಷ ಸಾಕು. ಹೊಟ್ಟೆಯ ಗೋಡೆಯಲ್ಲಿ ಸಿಕ್ಕಿಹಾಕಿಕೊಂಡ ನರಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರು. ಕೊಟ್ಟ ಹತ್ತು ನಿಮಿಷಕ್ಕೆ ನಾನು ಎದ್ದು ಬಗ್ಗಿ ಚಪ್ಪಲಿ ಹಾಕಿಕೊಂಡೆ. ಇಂಜೆಕ್ಷನ್ ಎರಡು ಸಲ ಬೇಕಾಯಿತು. ಅದೇ ಜಾಗದಲ್ಲಿ ಕೆಮ್ಮಿದಾಗ ಗಂಟು ಉಬ್ಬಿದರೆ ಮಾತ್ರ ವಿಷಯ ಬೇರೆ. ಅದು ತೂತಿನ ಜಾಗದ ಹರ್ನಿಯಾ ಇರಬಹುದು, ತೋರಿಸಿ.

ಉರಿ, ಹುಳಿತೇಗು, ಬಾಯಿ ಕಹಿ. ಇದು ಆ್ಯಸಿಡ್ ಆಗಿರಬಹುದು, ಅಲ್ಸರ್ ಇರಬಹುದು, ಕೆಲವರಲ್ಲಿ ಪಿತ್ತರಸವೇ ಹಿಮ್ಮುಖವಾಗಿ ಹೊಟ್ಟೆಗೆ ಬರುತ್ತಿರಬಹುದು. ಎಂಡೋಸ್ಕೋಪಿಯಲ್ಲಿ ತಿಳಿಯಬಹುದು. ಮೊಣಕಾಲು ನೋವಿಗೆಂದು ಡೈಕ್ಲೋಫೆನಾಕ್ ನುಂಗುತ್ತಿದ್ದರೆ ಮೊದಲು ಅದನ್ನು ಹೇಳಿ.

ಉಬ್ಬರ, ಅಲ್ಲಲ್ಲಿ ಹಿಡಿತ, ಹೋಗಿ ಬಂದರೆ ಹಗುರ. ಇದು ಐಬಿಎಸ್ ಚಹರೆ. ಬಹಳ ಸಲ ಆಪರೇಷನ್‌ಗೆ ಮೊದಲೇ ಇದ್ದದ್ದು.

ಮೂರನೆಯ ಹೆಜ್ಜೆ: ಹಳೆಯ ಕಾಗದ ಹುಡುಕಿ

ಹೊಸ ಟೆಸ್ಟ್‌ಗೆ ದುಡ್ಡು ಸುರಿಯುವ ಮುಂಚೆ ಆಪರೇಷನ್ ಆದ ಆಸ್ಪತ್ರೆಯ ಮೆಡಿಕಲ್ ರೆಕಾರ್ಡ್ಸ್ ವಿಭಾಗಕ್ಕೆ ಹೋಗಿ. ಡಿಸ್ಚಾರ್ಜ್ ಸಮ್ಮರಿ ಸಾಲದು, ಅದರಲ್ಲಿ 'ಆಪರೇಷನ್ ಸುಗಮವಾಗಿ ನಡೆಯಿತು' ಎಂಬುದಕ್ಕಿಂತ ಹೆಚ್ಚಿಗೆ ಏನೂ ಇರುವುದಿಲ್ಲ. ಕೇಳಬೇಕಾದದ್ದು ಆಪರೇಷನ್ ನೋಟ್ಸ್ ಮತ್ತು ಬಯಾಪ್ಸಿ ವರದಿ. ಪಿತ್ತಕೋಶ ಪೂರ್ತಿ ತೆಗೆದರೇ, ನಾಳಕ್ಕೆ ಎಷ್ಟು ಕ್ಲಿಪ್ ಹಾಕಿದರು, ರಸ ಚೆಲ್ಲಿತೇ, ಕಲ್ಲು ಜಾರಿತೇ ಎಂಬುದೆಲ್ಲ ನೋಟ್ಸಿನಲ್ಲಿರುತ್ತದೆ. ಬಯಾಪ್ಸಿ ವರದಿ ಬರುವುದು ಮನೆಗೆ ಹೋದ ಕೆಲವು ದಿನಗಳ ಮೇಲೆ, ಆದ್ದರಿಂದ ಎಷ್ಟೋ ಜನ ಅದನ್ನು ತರುವುದೇ ಇಲ್ಲ. ಅಪರೂಪಕ್ಕೆ ಅದರಲ್ಲಿ ಕ್ಯಾನ್ಸರಿನ ಸುಳಿವು ಸಿಗುವುದುಂಟು, ಆದ್ದರಿಂದ ತಂದು ಓದಿಸಲೇಬೇಕು. ನನ್ನದನ್ನು ಕೊಡಲು ಮೂರು ಸಲ ಓಡಾಡಿಸಿದರು, 'ಅದೆಲ್ಲ ಯಾಕೆ ಮೇಡಂ' ಎಂಬ ಮಾತೂ ಆಯಿತು. ಲಿಖಿತ ಅರ್ಜಿ ಕೊಟ್ಟ ಮೇಲೆ ಸಿಕ್ಕಿತು. ನೀವು ಅರ್ಜಿಯಿಂದಲೇ ಶುರು ಮಾಡಿ.

ನಾಲ್ಕನೆಯ ಹೆಜ್ಜೆ: ಟೆಸ್ಟುಗಳು, ಒಂದರ ಹಿಂದೆ ಒಂದು

ರಕ್ತದ ಲಿವರ್ ಫಂಕ್ಷನ್ ಟೆಸ್ಟ್, ಜೊತೆಗೆ ಪ್ಯಾಂಕ್ರಿಯಾಸ್‌ಗೆ ಸಂಬಂಧಿಸಿದ ಲೈಪೇಸ್ ಅಥವಾ ಅಮೈಲೇಸ್. ಇದರಲ್ಲಿ ಒಂದು ಗುಟ್ಟಿದೆ. ನಾಳದ ನೋವು ಎಂಬ ಅನುಮಾನವಿದ್ದರೆ ರಕ್ತವನ್ನು ನೋವು ಇರುವಾಗ ಅಥವಾ ಅದಾದ ಕೆಲವು ಗಂಟೆಗಳೊಳಗೆ ಕೊಡಬೇಕು. ಸಣ್ಣ ಕಲ್ಲು ನಾಳದಲ್ಲಿ ಸಿಕ್ಕಿ ಜಾರಿಹೋದರೆ ಲಿವರ್ ಎನ್‌ಜೈಮ್‌ಗಳು ಏರಿ ಕೆಲವು ದಿನಗಳಲ್ಲಿ ಇಳಿದುಬಿಡುತ್ತವೆ. ಸೋಮವಾರ ರಾತ್ರಿ ಒದ್ದಾಡಿ, ಮುಂದಿನ ಶನಿವಾರ ರಜೆ ನೋಡಿಕೊಂಡು ಲ್ಯಾಬಿಗೆ ಹೋದರೆ 'ಎಲ್ಲಾ ನಾರ್ಮಲ್' ಎಂದೇ ಬರುತ್ತದೆ. ಡಾಕ್ಟರಿಂದ ಮೊದಲೇ ಚೀಟಿ ಬರೆಸಿ ಪರ್ಸಿನಲ್ಲಿ ಇಟ್ಟುಕೊಳ್ಳಿ.

ಅಲ್ಟ್ರಾಸೌಂಡ್ ಅಗ್ಗ, ಆದರೆ ನಾಳದ ಕೆಳತುದಿಯನ್ನು ಕರುಳಿನ ಗಾಳಿ ಮುಚ್ಚಿಬಿಡುತ್ತದೆ, ಕಲ್ಲು ತಪ್ಪಿಹೋಗುತ್ತದೆ. ವರದಿಯಲ್ಲಿ 'ನಾಳ ಹಿಗ್ಗಿದೆ, 8 ಮಿ.ಮೀ.' ಅಂತ ನೋಡಿ ಗಾಬರಿಯಾಗಬೇಡಿ. ಪಿತ್ತಕೋಶ ಇಲ್ಲದವರಲ್ಲಿ ನಾಳ 10 ಮಿ.ಮೀ.ವರೆಗೆ ಹಿಗ್ಗಿರುವುದು ಸಹಜವಿರಬಹುದು, ರಕ್ತದ ವರದಿಯ ಜೊತೆಗಿಟ್ಟು ನೋಡಬೇಕು. ಮುಂದಿನದು ಎಂಆರ್‌ಸಿಪಿ, ಅಂದರೆ ಪಿತ್ತನಾಳದ ಎಂಆರ್‌ಐ. ಒಳಗೆ ಕ್ಲಿಪ್ ಇದೆಯಲ್ಲ ಎಂಬ ಭಯ ಎಲ್ಲರಿಗೂ ಇರುತ್ತದೆ. ಈಗ ಹೆಚ್ಚಾಗಿ ಬಳಸುವ ಟೈಟೇನಿಯಂ ಕ್ಲಿಪ್‌ಗಳಿಗೆ ತೊಂದರೆಯಿಲ್ಲ, ಆದರೂ ಟೆಕ್ನಿಷಿಯನ್‌ಗೆ ಹೇಳಿ. ತೀರಾ ಸಣ್ಣ ಕಲ್ಲು ಅದಕ್ಕೂ ತಪ್ಪಿಸಿಕೊಂಡರೆ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಹಿಡಿಯುತ್ತದೆ.

ಇಆರ್‌ಸಿಪಿ ವಿಷಯದಲ್ಲಿ ಸ್ವಲ್ಪ ನಿಲ್ಲಿ. ಬಾಯಿಂದ ಟ್ಯೂಬ್ ಇಳಿಸಿ ವಾಲ್ವ್ ಕತ್ತರಿಸಿ ಕಲ್ಲು ತೆಗೆಯುವ ವಿಧಾನ ಅದು. ಕಲ್ಲಿರುವುದು ಖಚಿತವಾದರೆ ಜೀವ ಉಳಿಸುವಂಥದ್ದು. ಆದರೆ ಕೆಲವರಿಗೆ ಇದರಿಂದಲೇ ಪ್ಯಾಂಕ್ರಿಯಾಸ್ ಉರಿಯೂತ ಬರುತ್ತದೆ, ಹಾಗಾಗಿ 'ಸುಮ್ಮನೆ ಒಂದು ಸಲ ನೋಡೋಣ' ಎಂದು ಮಾಡಿಸುವ ಟೆಸ್ಟ್ ಅದಲ್ಲ. ಪಿತ್ತಕೋಶ ತೆಗೆಸಿದ ಮೇಲೆ ನೋವಿದ್ದು, ರಕ್ತ-ಸ್ಕ್ಯಾನ್ ಎರಡರಲ್ಲೂ ಹೇಳಿಕೊಳ್ಳುವಂಥದ್ದೇನೂ ಕಾಣದ 214 ಮಂದಿಯ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ನಿಜವಾಗಿ ವಾಲ್ವ್ ಕತ್ತರಿಸಿದವರಿಗಿಂತ, ಕತ್ತರಿಸದೆ ಟ್ಯೂಬ್ ಮಾತ್ರ ಇಳಿಸಿದವರ ಫಲಿತಾಂಶ ಕಡಿಮೆಯೇನೂ ಇರಲಿಲ್ಲ. ಆದ್ದರಿಂದ ನೀವು ಕೇಳಬೇಕಾದ ಪ್ರಶ್ನೆ: "ನನ್ನ ಯಾವ ವರದಿ ನೋಡಿ ಇಆರ್‌ಸಿಪಿ ಬೇಕು ಅನ್ನುತ್ತಿದ್ದೀರಿ?"

ಎಲ್ಲಿಗೆ ಹೋಗುವುದು? ಸರ್ಜನ್ ಹತ್ತಿರ ಒಮ್ಮೆ ತೋರಿಸಿದ ಮೇಲೆ ಗ್ಯಾಸ್ಟ್ರೋಎಂಟರಾಲಜಿಸ್ಟ್ ಬಳಿ ಹೋಗಿ. ಸರ್ಕಾರಿ ವ್ಯವಸ್ಥೆಯಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಜಠರ-ಕರುಳಿಗೆಂದೇ ಒಂದು ಸಂಸ್ಥೆ ಇದೆ. ಬಿಪಿಎಲ್ ಕಾರ್ಡ್ ಇದ್ದವರು ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದ ಬಗ್ಗೆ ಅಲ್ಲಿನ ಕೌಂಟರಿನಲ್ಲಿ ಮೊದಲೇ ವಿಚಾರಿಸಿ, ರೆಫರಲ್ ಚೀಟಿ ಇಲ್ಲದೆ ಎರಡನೇ ಸಲ ಓಡಾಡುವಂತಾಗಬಾರದು.

ಐದನೆಯ ಹೆಜ್ಜೆ: ಔಷಧಿ

ಓಡುವ ಹೊಟ್ಟೆಗೆ ಕೊಲೆಸ್ಟಿರಮಿನ್ ಎಂಬ ಪುಡಿ ಇದೆ. ಕರುಳಿನಲ್ಲಿ ಪಿತ್ತಲವಣವನ್ನು ಹಿಡಿದು ಕಟ್ಟಿ ಹೊರಗೆ ಹಾಕುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ ಇದನ್ನು ಕೊಟ್ಟು ನೋಡುವುದೇ ಪರೀಕ್ಷೆ: ಹಿಡಿದರೆ ಕಾರಣ ಅದೇ ಎಂದು ಲೆಕ್ಕ. ನನಗೆ ನಾಲ್ಕನೇ ದಿನಕ್ಕೆ ವ್ಯತ್ಯಾಸ ತಿಳಿಯಿತು. ರುಚಿ ಅಂದರೆ ಸೀಮೆಸುಣ್ಣ ಅರೆದು ಕುಡಿದ ಹಾಗೆ. ಒಣ ಪುಡಿ ಬಾಯಿಗೆ ಹಾಕಿಕೊಳ್ಳಬಾರದು, ನೀರಿನಲ್ಲಿ ಕಲಕಿ ಎರಡು ನಿಮಿಷ ಬಿಟ್ಟು ಕುಡಿಯಬೇಕು. ಎಲ್ಲ ಅಂಗಡಿಯಲ್ಲೂ ಇಟ್ಟಿರುವುದಿಲ್ಲ, ಹೇಳಿ ತರಿಸಬೇಕು.

ಇದರ ಒಂದು ಕೆಟ್ಟ ಗುಣ ಯಾರೂ ಒತ್ತಿ ಹೇಳುವುದಿಲ್ಲ. ಅದು ಪಿತ್ತಲವಣವನ್ನಷ್ಟೇ ಅಲ್ಲ, ಪಕ್ಕದಲ್ಲಿದ್ದ ಬೇರೆ ಮಾತ್ರೆಗಳನ್ನೂ ಕಟ್ಟಿಕೊಂಡು ಹೋಗುತ್ತದೆ. ಥೈರಾಯ್ಡ್, ಬಿಪಿ, ಗರ್ಭನಿರೋಧಕ, ಯಾವುದೇ ಇರಲಿ, ಪುಡಿಗೆ ಕನಿಷ್ಠ 1 ಗಂಟೆ ಮೊದಲು ಅಥವಾ 4ರಿಂದ 6 ಗಂಟೆ ಆದಮೇಲೆ ತೆಗೆದುಕೊಳ್ಳಬೇಕು. ಬೆಳಗ್ಗೆ ಎದ್ದ ಕೂಡಲೇ ಥೈರಾಯ್ಡ್ ಮಾತ್ರೆ ನುಂಗುವವರು ಪುಡಿಯ ಹೊತ್ತನ್ನು ಡಾಕ್ಟರ ಜೊತೆ ಕೂತು ಗೊತ್ತು ಮಾಡಿಕೊಳ್ಳಿ. ಹೆಚ್ಚಾದರೆ ಮಲಬದ್ಧತೆ ಆಗುತ್ತದೆ. ವರ್ಷಗಟ್ಟಲೆ ತೆಗೆದುಕೊಳ್ಳುವವರಿಗೆ ಎ, ಡಿ, ಇ, ಕೆ ವಿಟಮಿನ್‌ಗಳ ಕೊರತೆ ಆಗಬಹುದು, ಆಗಾಗ ನೋಡಿಸಬೇಕು.

ಪುಡಿ ಒಗ್ಗದವರಿಗೆ, ತೊಂದರೆ ಹಗುರವಾಗಿರುವವರಿಗೆ ಇಸಬ್‌ಗೋಲ್ ಸಾಕಾಗುವುದುಂಟು. ಮಲಬದ್ಧತೆಗೆ ಕೊಡುವುದನ್ನು ಭೇದಿಗೆ ಯಾಕೆ ಎಂದು ನಾನೂ ಕೇಳಿದ್ದೆ. ಅದು ನೀರು ಹೀರಿ ಜೆಲ್ಲಿಯಂತಾಗುತ್ತದೆ, ಸಡಿಲವಾದದ್ದನ್ನು ಕಟ್ಟುತ್ತದೆ, ಗಟ್ಟಿಯಾದದ್ದನ್ನು ಮೆದು ಮಾಡುತ್ತದೆ.

ನೋವಿಗೆ ಪ್ಯಾರಸಿಟಮಾಲ್‌ನಿಂದ ಶುರು ಮಾಡಿ. ಕೋಡಿನ್, ಟ್ರಮಡಾಲ್, ಮಾರ್ಫಿನ್ ಗುಂಪಿನವು ಪಿತ್ತನಾಳದ ವಾಲ್ವ್ ಅನ್ನು ಬಿಗಿಯಾಗಿಸಿ ನೋವನ್ನೇ ಹೆಚ್ಚಿಸಬಹುದು. ಕೆಲವು ಕೆಮ್ಮಿನ ಸಿರಪ್‌ಗಳಲ್ಲೂ ಕೋಡಿನ್ ಇರುತ್ತದೆ. ಕೆಮ್ಮಿಗೆ ಔಷಧಿ ಕುಡಿದ ರಾತ್ರಿ ಹೊಟ್ಟೆನೋವು ಬಂದಿದ್ದರೆ ಅದನ್ನು ಪುಸ್ತಕದಲ್ಲಿ ಬರೆಯಿರಿ. ಕಡಿಮೆ ಪ್ರಮಾಣದ ಅಮಿಟ್ರಿಪ್ಟಿಲಿನ್ ಬರೆದುಕೊಟ್ಟರೆ 'ನನ್ನನ್ನು ಹುಚ್ಚಿ ಅಂದುಕೊಂಡರಾ' ಎಂದು ಕೋಪಿಸಿಕೊಳ್ಳಬೇಡಿ. ಖಿನ್ನತೆಗೆ ಬಳಸುವ ಮಾತ್ರೆಯೇ ಹೌದು, ಆದರೆ ಆ ಸಣ್ಣ ಪ್ರಮಾಣದಲ್ಲಿ ಅದು ಕರುಳಿನ ನೋವಿನ ನರಗಳ ಗದ್ದಲವನ್ನು ತಗ್ಗಿಸುತ್ತದೆ.

ಇನ್ನು ನೆಂಟರ ಔಷಧಿಗಳು. ಬಾಳೆದಿಂಡಿನ ರಸ ತಂದುಕೊಟ್ಟವರು ಇಬ್ಬರು. ಅದು ಜನ ಮೂತ್ರಪಿಂಡದ ಕಲ್ಲಿಗೆ ಕುಡಿಯುವುದು, ನನ್ನ ಕಲ್ಲು ಬೇರೆ ಬೀದಿಯದು. 'ಪಿತ್ತ ಕೆದರಿದೆ' ಎಂದು ಕಷಾಯ ಕೊಟ್ಟವರೂ ಇದ್ದರು. ತಲೆಸುತ್ತಿಗೂ ಪಿತ್ತ, ಸಿಟ್ಟು ಬಂದರೂ ಪಿತ್ತ ನೆತ್ತಿಗೇರಿತು ಅನ್ನುವವರು ನಾವು. ಆ ಪಿತ್ತವೇ ಬೇರೆ, ನಾಳದಲ್ಲಿ ಹರಿಯುವ ರಸವೇ ಬೇರೆ. ಅಮೃತಬಳ್ಳಿಯ ಕಷಾಯವನ್ನು ದಿನವೂ ಕುಡಿದು ಲಿವರಿಗೆ ಪೆಟ್ಟಾದ ಪ್ರಕರಣಗಳು ಕೋವಿಡ್ ಕಾಲದಲ್ಲಿ ನಮ್ಮ ದೇಶದಲ್ಲೇ ವರದಿಯಾಗಿವೆ. ಏನಾದರೂ ಕುಡಿಯುತ್ತಿದ್ದರೆ ಡಾಕ್ಟರಿಂದ ಮುಚ್ಚಿಡಬೇಡಿ, ನಿಮ್ಮ ಲಿವರ್ ವರದಿಯ ಅರ್ಥವೇ ಬದಲಾಗಬಹುದು.

ಆರನೆಯ ಹೆಜ್ಜೆ: ತಟ್ಟೆ

'ಎಣ್ಣೆ ಬಿಡಿ' ಎಂಬುದು ಸಲಹೆಯಲ್ಲ, ಕೈ ತೊಳೆದುಕೊಳ್ಳುವ ಮಾತು. ಎಣ್ಣೆ ಪೂರ್ತಿ ಬಿಟ್ಟರೆ ತೂಕ ಇಳಿಯುತ್ತದೆ, ವಿಟಮಿನ್ ಹೀರುವುದಿಲ್ಲ, ಊಟ ಶಿಕ್ಷೆಯಾಗುತ್ತದೆ. ಬೇಕಾದದ್ದು ಎಣ್ಣೆಯನ್ನು ದಿನದ ಮೇಲೆ ಹರಡುವುದು. ಸಂಪಿಲ್ಲದ ಮನೆಯಲ್ಲಿ ಒಮ್ಮೆಗೇ ಹತ್ತು ಬಕೆಟ್ ನೀರು ಸಿಗಲ್ಲ, ಎರಡೆರಡು ಬಕೆಟ್ ಆಗಾಗ ಸಿಗುತ್ತದೆ. ಊಟವೂ ಹಾಗೆಯೇ: ಮೂರು ದೊಡ್ಡ ಊಟದ ಬದಲು ಐದು ಸಣ್ಣವು.

ಮನೆಯ ಎಣ್ಣೆಯನ್ನು ಅಳೆಯಿರಿ. ನಮ್ಮದು ನಾಲ್ಕು ಜನದ ಮನೆ, ತಿಂಗಳಿಗೆ 5 ಲೀಟರ್ ಬರುತ್ತಿತ್ತು. ಭಾಗಿಸಿದರೆ ತಲೆಗೆ ದಿನಕ್ಕೆ 40 ಮಿಲಿ ದಾಟುತ್ತದೆ, ಅಂದರೆ ಎಂಟು ಚಮಚ. ತುಪ್ಪ, ತೆಂಗಿನಕಾಯಿ ಇದರ ಮೇಲೆ. ಲೆಕ್ಕ ಹಾಕುವವರೆಗೂ 'ನಮ್ಮನೇಲಿ ಎಣ್ಣೆ ಕಮ್ಮಿ' ಎಂದೇ ನಾನು ಡಾಕ್ಟರಿಗೆ ಹೇಳುತ್ತಿದ್ದೆ. ಈಗ 3 ಲೀಟರಿನಲ್ಲಿ ಮುಗಿಯುತ್ತದೆ, ಅತ್ತೆಯ ಒಗ್ಗರಣೆಯ ಸದ್ದು ಮಾತ್ರ ಮೊದಲಿನಷ್ಟೇ ಇದೆ.

ಬೆಂಗಳೂರಿನ ಹೊರಗಿನ ಊಟ ಇದಕ್ಕೆ ಅನುಕೂಲವೇ ಆಗಿದೆ, ಆರಿಸಿಕೊಳ್ಳಲು ಬಂದರೆ. ಇಡ್ಲಿಯಲ್ಲಿ ಎಣ್ಣೆ ಇಲ್ಲವೆಂದೇ ಹೇಳಬಹುದು. ಅದರ ಪಕ್ಕದ ವಡೆ, ಮೇಲೆ ತೇಲುವ ಬೆಣ್ಣೆ, ಬಟ್ಟಲು ತುಂಬಾ ಚಟ್ನಿ ತೊಂದರೆ ಕೊಡುವುದು. ರಾಗಿಮುದ್ದೆ, ಬಸ್ಸಾರು ನನಗೆ ಒಗ್ಗಿತು. ಮಜ್ಜಿಗೆ ಒಗ್ಗಿತು, ಗಟ್ಟಿ ಹಾಲಿನ ಕಾಫಿ ಒಗ್ಗಲಿಲ್ಲ. ಕಾಫಿ ತಾನೇ ಕರುಳನ್ನು ಓಡಿಸುವ ವಸ್ತು, ಖಾಲಿ ಹೊಟ್ಟೆಯಲ್ಲಂತೂ ಇನ್ನೂ ಜಾಸ್ತಿ. ಬಿಡಲಿಲ್ಲ, ತಿಂಡಿಯ ನಂತರಕ್ಕೆ ತಳ್ಳಿ ಬೈ-ಟುಗೆ ಇಳಿಸಿದೆ. ಅವರೆಕಾಯಿ ಕಾಲದಲ್ಲಿ ಹುಷಾರು: ಹಿತಕಿದಬೇಳೆಯ ಉಬ್ಬರಕ್ಕೂ ಪಿತ್ತಕ್ಕೂ ಸಂಬಂಧವಿಲ್ಲ, ಅದು ಕಾಳಿನ ಗುಣ, ಆದರೆ ನೋವು ನೋವೇ. ಏಕಾದಶಿಯ ಉಪವಾಸ ಬಿಟ್ಟು ದ್ವಾದಶಿ ಬೆಳಗ್ಗೆ ತುಪ್ಪದ ಊಟಕ್ಕೆ ಕೂರುವುದು ನಮ್ಮಂಥವರಿಗೆ ಅತಿ ಕೆಟ್ಟ ಜೋಡಿ. ಮದುವೆಮನೆಯಲ್ಲಿ ಎಲೆಯ ತುದಿಗೆ ಬಡಿಸಿದ ಕೋಸಂಬರಿ, ಪಲ್ಯ, ಅನ್ನ ಸಾರು ತಿಂದು, ಹೋಳಿಗೆಗೆ ತುಪ್ಪ ಬೇಡ ಎಂದು ಕೈ ಅಡ್ಡ ಹಿಡಿಯಿರಿ. ಬಡಿಸುವವರು ಕೈ ಸರಿಸಿ ಹಾಕುತ್ತಾರೆ. ಎರಡೂ ಕೈ ಹಿಡಿಯಿರಿ.

ಬಿಟ್ಟ ಪದಾರ್ಥವನ್ನು ಒಂದೊಂದಾಗಿ, ಮೂರು ಮೂರು ದಿನ ಬಿಟ್ಟು ವಾಪಸ್ ತನ್ನಿ. ಒಂದೇ ದಿನ ಎರಡು ತಂದರೆ ಯಾವುದು ಕೆಡಿಸಿತು ತಿಳಿಯದು. ಆಜೀವ ಪಥ್ಯ ಹೆಚ್ಚಿನವರಿಗೆ ಬೇಕಿಲ್ಲ. ಬಹಳ ಜನರಿಗೆ ತಿಂಗಳುಗಳಲ್ಲಿ ಕರುಳು ತಾನಾಗಿ ಪಳಗುತ್ತದೆ.

ಹೊರಗೆ ಓಡಾಡುವಾಗ

ಮೊದಲ ಆರು ತಿಂಗಳು ನನಗೆ ಊರಿನ ನಕ್ಷೆ ಅಂದರೆ ಶೌಚಾಲಯಗಳ ನಕ್ಷೆ. ಸಿಲ್ಕ್ ಬೋರ್ಡ್ ಕಡೆ ಬೆಳಗ್ಗೆ ಒಂಬತ್ತಕ್ಕೆ ಬಸ್ಸಿನಲ್ಲಿ ಹೋಗುವುದನ್ನು ಬಿಟ್ಟೆ. ಮೆಟ್ರೋ ನಿಲ್ದಾಣಗಳಲ್ಲಿ ಶೌಚಾಲಯ ಇರುತ್ತದೆ, ಬಸ್ಸಿನಲ್ಲಿ ಸಿಕ್ಕಿಹಾಕಿಕೊಂಡರೆ ಇಲ್ಲ. ಅಷ್ಟಕ್ಕೇ ದಾರಿ ಬದಲಿಸಿದೆ. ತಿಂಡಿಯನ್ನು ಮನೆಯಲ್ಲೇ, ಹೊರಡುವುದಕ್ಕೆ ಒಂದು ಗಂಟೆ ಮೊದಲು ಮುಗಿಸಿದರೆ ಓಟ ಮನೆಯಲ್ಲೇ ಮುಗಿಯುತ್ತದೆ. ಚೀಲದಲ್ಲಿ ಒಂದು ಜೊತೆ ಒಳಉಡುಪು, ಟಿಶ್ಯೂ, ಒಆರ್‌ಎಸ್ ಇರಲಿ. ಮ್ಯಾನೇಜರಿಗೆ ಒಂದೇ ವಾಕ್ಯದಲ್ಲಿ ಹೇಳಿದೆ: ಆಪರೇಷನ್ ಆದಮೇಲೆ ಹೊಟ್ಟೆಯ ತೊಂದರೆಯಿದೆ, ಕೌಂಟರಿನಿಂದ ಆಗಾಗ ಏಳಬೇಕಾಗುತ್ತದೆ. ಅವರು ಮುಂದೆ ಏನೂ ಕೇಳಲಿಲ್ಲ. ಹೇಳುವುದಕ್ಕೆ ನಾನು ನಾಲ್ಕು ತಿಂಗಳು ತಗೊಂಡಿದ್ದೆ.

ಹಾಲಿನ ಪುಸ್ತಕ ಈಗಲೂ ಅಡುಗೆಮನೆಯ ಮೊಳೆಗೆ ನೇತಾಡುತ್ತದೆ. ಹೊಸ ತರದ ನೋವು ಬಂದರೆ ಮಾತ್ರ ಬರೆಯುತ್ತೇನೆ, ಹೊಸ ಪದಾರ್ಥ ತಂದಾಗಲೂ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಪರಿಷೆಯಿಂದ ಒಂದು ಸೇರು ಹುರಿದ ಕಡಲೆಕಾಯಿ ತಂದೆವು. ಕಡಲೆಬೀಜದ ತೂಕದಲ್ಲಿ ಸುಮಾರು ಅರ್ಧ ಕೊಬ್ಬೇ ಎಂಬುದು ಗೊತ್ತಿತ್ತು. ಒಂದು ಹಿಡಿ, ಸಂಜೆ ಆರು ಗಂಟೆ ಅಂತ ಬರೆದೆ. ಪಕ್ಕದ ಕಾಲಂ ಖಾಲಿ ಉಳಿಯಿತು. ಮಾರನೇ ದಿನ ಟಿವಿ ನೋಡುತ್ತಾ ಮೂರು ಹಿಡಿ ತಿಂದೆ. ಆ ಕಾಲಂ ತುಂಬಿತು.